ಅಂಗಳದಲ್ಲೇ ಪೈಪ್ ಬಾಗಿಸುವ ರೋಲರ್: ಕೊಳ್ಳುವುದೋ, ಕಟ್ಟಿಕೊಳ್ಳುವುದೋ?

ಚಾಲಿ ಅಡಿಕೆಯನ್ನು ಅಂಗಳದಲ್ಲಿ ಹರವಿ ನಲವತ್ತು ದಿನ ಬಿಸಿಲು ಕಾಯುವ ನಮ್ಮ ಮಲೆನಾಡಿನ ಕಡೆ, ಡಿಸೆಂಬರಿನಲ್ಲಿ ಮೋಡ ಕವಿದರೆ ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಾರೆ. ಕಮಾನಿನ ಮೇಲೆ ಪಾಲಿಥೀನ್ ಹಾಳೆ ಹೊದೆಸಿದ ಸೋಲಾರ್ ಟನಲ್‌ಗಳು ತೋಟದ ಮನೆಗಳ ಪಕ್ಕ ಏಳುತ್ತಿರುವುದು ಇದೇ ಕಾರಣಕ್ಕೆ. ಹಾಳೆ ಅಂಗಡಿಯಲ್ಲಿ ಸಿಗುತ್ತದೆ, ಪೈಪ್ ಸಿಗುತ್ತದೆ, ವೆಲ್ಡಿಂಗ್ ಮೆಷಿನ್ ಈಗ ಎಷ್ಟೋ ಮನೆಗಳಲ್ಲಿದೆ. ಸಿಗದೇ ಇರುವುದು ಕಮಾನು. ಪೇಟೆಯ ಫ್ಯಾಬ್ರಿಕೇಶನ್ ಶಾಪಿನಲ್ಲಿ ಬಾಗಿಸಿ ಕೊಡುತ್ತಾರೆ, ಆದರೆ ಹನ್ನೆರಡು ಅಡಿ ಅಗಲದ ಕಮಾನುಗಳನ್ನು ಪಿಕಪ್ ಗಾಡಿಯಲ್ಲಿ ಹೇರಿಕೊಂಡು ಘಟ್ಟದ ತಿರುವಿನ ರಸ್ತೆಯಲ್ಲಿ ಮನೆ ಮುಟ್ಟಿಸುವುದು ಬಾಗಿಸುವುದಕ್ಕಿಂತ ದೊಡ್ಡ ಕೆಲಸ. ಮೂರು ರೋಲರುಗಳ ನಡುವೆ ಪೈಪ್ ಓಡಿಸಿ ಬಾಗಿಸುವ ಯಂತ್ರವೊಂದಿದ್ದು, ನೆಟ್ಟಗಿನ ಪೈಪ್ ತಂದು ಅಂಗಳದಲ್ಲೇ ಬಾಗಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ಟನಲ್ ಒಂದೇ ಅಲ್ಲ. ಗೇಟಿನ ಕಮಾನು, ನರ್ಸರಿಯ ನೆರಳುಬಲೆ, ಮಲ್ಲಿಗೆ ಬಳ್ಳಿಯ ಚಪ್ಪರ, ಟ್ರ್ಯಾಕ್ಟರ್ ಟ್ರೇಲರಿನ ಹುಡ್ ಎಲ್ಲಕ್ಕೂ ಇದೇ ಯಂತ್ರ. ಕೊಳ್ಳುವವರು, ಕಟ್ಟುವವರು ಇಬ್ಬರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಯಾವ ಪೈಪ್, ಎಷ್ಟು ಬಾಗು ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳದೆ ಯಂತ್ರದ ಕಡೆ ನೋಡಲೇಬೇಡಿ. ರೋಲರಿನ ಅಳತೆ, ಅದು ಕೂರುವ ಶಾಫ್ಟಿನ (ಅಡ್ಡ ಸರಳಿನ) ದಪ್ಪ, ಫ್ರೇಮಿನ ಗಾತ್ರ ಎಲ್ಲವೂ ಆ ಎರಡು ಅಂಕಿಗಳಿಂದಲೇ ಹುಟ್ಟುತ್ತವೆ.

ಮೊದಲು ಕಮಾನಿನ ಲೆಕ್ಕ

ಒಂದು ನಿಜವಾದ ಲೆಕ್ಕವನ್ನೇ ಹಿಡಿಯೋಣ. ಪೈಪ್ ಬರುವುದು 6 ಮೀಟರ್ ಉದ್ದದಲ್ಲಿ. ಮೂರು ರೋಲರಿನ ಯಾವ ಯಂತ್ರವೂ ಪೈಪಿನ ಎರಡು ತುದಿಗಳನ್ನು ಬಾಗಿಸಲಾರದು. ಹೊರಗಿನ ಎರಡು ರೋಲರುಗಳ ನಡುವಿನ ಅಂತರದ ಅರ್ಧದಷ್ಟು ಪ್ರತಿ ತುದಿಯಲ್ಲೂ ನೆಟ್ಟಗೇ ಉಳಿಯುತ್ತದೆ. ಅಂತರ 300 ಮಿ.ಮೀ. ಇದ್ದರೆ ಒಂದೊಂದು ತುದಿಯಲ್ಲಿ 150 ಮಿ.ಮೀ. ನೆಟ್ಟಗಿರುತ್ತದೆ. ಗೇಟಿನ ಕೆಲಸದಲ್ಲಿ ಅದನ್ನು ಕತ್ತರಿಸಿ ಎಸೆಯಬೇಕು. ಟನಲ್‌ಗೆ ಮಾತ್ರ ಅದೇ ಕಾಲಾಗಿ ಒದಗುತ್ತದೆ. ಉಳಿದ 5,700 ಮಿ.ಮೀ. ಅರ್ಧ ವೃತ್ತವಾದರೆ ತ್ರಿಜ್ಯ ಸುಮಾರು 1,814 ಮಿ.ಮೀ., ಅಗಲ 3.63 ಮೀಟರ್, ಎತ್ತರ ಕಾಲೂ ಸೇರಿ 1.96 ಮೀಟರ್. ಹನ್ನೆರಡು ಅಡಿ ಅಗಲ, ನಡುವೆ ಆರೂವರೆ ಅಡಿ ಎತ್ತರ. ತಲೆ ಬಗ್ಗಿಸದೆ ಅಡಿಕೆ ಮಗುಚಬಹುದು. 18 ಮೀಟರ್ ಉದ್ದಕ್ಕೆ 2 ಮೀಟರಿಗೊಂದರಂತೆ 10 ಕಮಾನು ಬೇಕು. ಒಂದು ಪೈಪಿಗೆ ಒಂದು ಕಮಾನು, ಒಂದು ತುಂಡೂ ಹಾಳಿಲ್ಲ.

ಪೈಪು ಒಂದಿಂಚಿನದು ಸಾಕು. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅಂಗಡಿಯಲ್ಲಿ 'ಒಂದಿಂಚು' ಎಂದು ಕೇಳಿ ತರುವ ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನ ಹೊರ ವ್ಯಾಸ ಒಂದಿಂಚಲ್ಲ, 33.7 ಮಿ.ಮೀ. ಹಾಗೆಯೇ ಅರ್ಧ ಇಂಚಿನದು 21.3, ಮುಕ್ಕಾಲು ಇಂಚಿನದು 26.9, ಒಂದೂಕಾಲು ಇಂಚಿನದು 42.4, ಒಂದೂವರೆ ಇಂಚಿನದು 48.3 ಮಿ.ಮೀ. ಆ ಇಂಚಿನ ಹೆಸರು ನೀರು ಹರಿಯುವ ಒಳಗಿನ ತೂತಿಗೆ ಸಂಬಂಧಿಸಿದ್ದು. ಆದರೆ ಕುರ್ಚಿ, ಗ್ರಿಲ್ ಮಾಡುವ ಫರ್ನಿಚರ್ ಪೈಪಿನಲ್ಲಿ ಒಂದಿಂಚು ಎಂದರೆ ಹೊರ ವ್ಯಾಸವೇ 25.4 ಮಿ.ಮೀ. ಎರಡಕ್ಕೂ ಹೆಸರು ಒಂದೇ, ರೋಲರ್ ಬೇರೆ ಬೇರೆ. ಆದ್ದರಿಂದ ವರ್ನಿಯರ್ ಅಳತೆಗೋಲು ಇಟ್ಟು ಅಳೆದ ಅಂಕಿಯನ್ನೇ ನಂಬಿ.

ಗೋಡೆಯ ದಪ್ಪ ತಿಳಿಯಲು ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ. ಪೈಪಿನ ಭಾರತೀಯ ಮಾನದಂಡ ಐ.ಎಸ್. 1239ರ ಪ್ರಕಾರ ಹಳದಿ ಎಂದರೆ ಎ ಕ್ಲಾಸ್, ನೀಲಿ ಬಿ ಕ್ಲಾಸ್, ಕೆಂಪು ಸಿ ಕ್ಲಾಸ್. ಒಂದಿಂಚಿನ ಪೈಪಿನಲ್ಲಿ ಇವು ಕ್ರಮವಾಗಿ 2.6, 3.2, 4 ಮಿ.ಮೀ. ದಪ್ಪ. ಮುಂದಿನ ಲೆಕ್ಕವನ್ನೆಲ್ಲ ನಾನು ಬಿ ಕ್ಲಾಸಿಗೆ ಹಾಕಿದ್ದೇನೆ. ಅದನ್ನು ತಾಳುವ ಯಂತ್ರ ಎ ಕ್ಲಾಸನ್ನು ಸಲೀಸಾಗಿ ಬಾಗಿಸುತ್ತದೆ.

ಬೆಂಡರ್ ಬೇರೆ, ರೋಲರ್ ಬೇರೆ

ಅಂಗಡಿಗೆ ಹೋಗಿ 'ಪೈಪ್ ಬೆಂಡಿಂಗ್ ಮೆಷಿನ್' ಎಂದು ಕೇಳಿದರೆ ಕೈಗೆ ಕೊಡುವುದು ಹೆಚ್ಚಾಗಿ ಹೈಡ್ರಾಲಿಕ್ ಬೆಂಡರ್. ಜಾಕಿನ ತುದಿಯಲ್ಲಿ ಅರ್ಧಚಂದ್ರದಂಥ ಅಚ್ಚು ಇರುತ್ತದೆ, ಅದು ಪೈಪನ್ನು ಒಂದೇ ಜಾಗದಲ್ಲಿ ಒತ್ತಿ ಮೊಣಕೈಯಂತೆ ಬಾಗಿಸುತ್ತದೆ. ನೀರಿನ ಲೈನಿಗೆ, ಮೆಟ್ಟಿಲಿನ ಹಿಡಿಕಂಬಿಯ ಮೂಲೆಗೆ ಅದು ಸರಿ. ಅದರಲ್ಲಿ ಉದ್ದ ಕಮಾನು ಮಾಡಲು ಹೊರಟರೆ ಅರ್ಧ ಅಡಿಗೊಂದು ಗಂಟು ಬಿದ್ದು ಪೈಪ್ ಹಾವಿನ ಮೈಯಂತಾಗುತ್ತದೆ. ನಮಗೆ ಬೇಕಾದದ್ದು ರೋಲಿಂಗ್ ಮೆಷಿನ್. ಎರಡು ರೋಲರುಗಳ ಮೇಲೆ ಪೈಪ್ ಮಲಗಿರುತ್ತದೆ, ನಡುವಿನ ಮೂರನೆಯದು ಅದನ್ನು ಒತ್ತುತ್ತದೆ, ಹಿಡಿಕೆ ತಿರುಗಿಸಿದರೆ ಪೈಪ್ ಉದ್ದಕ್ಕೂ ಹರಿದು ಒಂದೇ ಸಮನೆ ಬಾಗುತ್ತ ಹೋಗುತ್ತದೆ. ಕಬ್ಬಿನ ಗಾಣ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕೊಳ್ಳುವುದಾದರೆ

ಎರಡೋ ಮೂರೋ ಕಮಾನು ಮಾತ್ರ ಬೇಕಾಗಿ, ಮುಂದೆ ಇಂಥ ಕೆಲಸವೇ ಇಲ್ಲ ಎಂದಿದ್ದರೆ ಕೊಳ್ಳಲೂ ಬೇಡಿ, ಕಟ್ಟಲೂ ಬೇಡಿ. ಪೇಟೆಯಲ್ಲಿ ಕೂಲಿಗೆ ರೋಲ್ ಮಾಡಿಸಿ. ಹತ್ತಕ್ಕೆ ಮೇಲೆ ಬೇಕೆಂದರೆ ಯಂತ್ರದ ಯೋಚನೆ ಮಾಡಬಹುದು.

ಕಡಿಮೆ ಬೆಲೆಗೆ ಸಿಗುವ, ಮೇಜಿನ ಮೇಲಿಟ್ಟು ಕೈಯಲ್ಲಿ ತಿರುಗಿಸುವ ರೋಲರುಗಳಿವೆ. ಅವು ತೆಳು ಪೈಪಿಗೆಂದೇ ಮಾಡಿದವು. ಶಾಫ್ಟ್ 20 ಮಿ.ಮೀ. ಅಥವಾ ಅದಕ್ಕಿಂತ ಸಣ್ಣದಿದ್ದರೆ ಬಿ ಕ್ಲಾಸಿನ ಒಂದಿಂಚು ಪೈಪನ್ನು ಅದರ ಬಾಯಿಗೆ ಕೊಡಬೇಡಿ. ಬೆಲೆ ಕೇಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮದೇ ಪೈಪಿನ ಒಂದಡಿ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ರೋಲರಿನ ಗ್ರೂವಿನೊಳಗೆ, ಅಂದರೆ ಪೈಪ್ ಕೂರುವ ಸುತ್ತಲಿನ ತೋಡಿನೊಳಗೆ ಇಟ್ಟು ನೋಡಿ. ತುಂಡು ತಳದಲ್ಲಿ ಮೈತುಂಬ ಕೂರಬೇಕು. ಗ್ರೂವ್ ತೀರಾ ಅಗಲವಾಗಿದ್ದರೆ ಒತ್ತುವಾಗ ಪೈಪ್ ಚಪ್ಪಟೆಯಾಗುತ್ತದೆ. ಇಕ್ಕಟ್ಟಾಗಿದ್ದರೆ ಅಂಚುಗಳು ಪೈಪಿನ ಮೈಮೇಲೆ ಉದ್ದಕ್ಕೆ ಗೀರು ಹಾಕುತ್ತವೆ. ಹೊರದೇಶದಿಂದ ಬಂದ ಯಂತ್ರಗಳ ಗ್ರೂವ್ ಅನೇಕ ಸಲ ಹೊರ ವ್ಯಾಸದ ಇಂಚಿನ ಲೆಕ್ಕದ್ದು, ನಮ್ಮ ಜಿ.ಐ. ಪೈಪಿಗೆ ಹೊಂದುವುದಿಲ್ಲ.

ಆಮೇಲೆ ನಡುವಿನ ರೋಲರನ್ನು ಎರಡು ಕೈಯಲ್ಲಿ ಹಿಡಿದು ಅಲುಗಿಸಿ. ಶಾಫ್ಟ್ 'ಆಟ' ಆಡುತ್ತಿದ್ದರೆ ಕಮಾನು ನೆಲಕ್ಕೆ ಸಮನಾಗಿ ಕೂರುವುದೇ ಇಲ್ಲ. ಗುಂಡುಗಳಿರುವ ಬೇರಿಂಗ್ ಇದೆಯೋ ಬರೀ ಬುಷ್, ಅಂದರೆ ಲೋಹದ ಬಳೆ ಇದೆಯೋ ಕೇಳಿ. ಸಾಧ್ಯವಾದರೆ ಪೂರ್ತಿ ಉದ್ದದ ಒಂದು ಪೈಪ್ ಕೊಟ್ಟು ರೋಲ್ ಮಾಡಿ ತೋರಿಸಲು ಹೇಳಿ, ಬಾಗಿದ್ದನ್ನು ಸಮನೆಲದ ಮೇಲೆ ಮಲಗಿಸಿ. ಒಂದು ತುದಿ ಮೇಲೆದ್ದು ನಿಂತರೆ ರೋಲರುಗಳು ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಸೆಕೆಂಡ್ ಹ್ಯಾಂಡ್ ಮೋಟಾರಿನ ಯಂತ್ರ ಸಿಕ್ಕರೆ ಮೊದಲು ಮೋಟಾರಿನ ಪ್ಲೇಟ್ ಓದಿ. ತ್ರೀ ಫೇಸ್ ಮೋಟಾರಾದರೆ ಮನೆಯ ಸಿಂಗಲ್ ಫೇಸ್ ಲೈನಿಗೆ ಅದು ನೇರವಾಗಿ ಓಡದು, ಆ ಖರ್ಚು ಬೇರೆ ಲೆಕ್ಕ ಹಾಕಬೇಕಾಗುತ್ತದೆ.

ಕಟ್ಟುವುದಾದರೆ: ದುಡ್ಡು ಎಲ್ಲಿ ಸುರಿಯಬೇಕು

ಫ್ರೇಮಿಗೆ ಗುಜರಿಯ ಕಬ್ಬಿಣ ಸಾಕು. ಬಣ್ಣವೂ ಬೇಡ. ದುಡ್ಡು ಸುರಿಯಬೇಕಾದದ್ದು ಮೂರು ರೋಲರ್, ಮೂರು ಶಾಫ್ಟ್, ಆರು ಬೇರಿಂಗುಗಳಿಗೆ. ಇದನ್ನು ತಿರುಗುಮುರುಗು ಮಾಡಿ, ದಪ್ಪ ದಪ್ಪ ಚಾನೆಲ್ (ಮೂರು ಬದಿಯ, ದೋಣಿಯಂಥ ಕಬ್ಬಿಣದ ತೊಲೆ) ತಂದು ರೋಲರಿಗೆ ಕೈಗೆ ಸಿಕ್ಕ ಪುಲ್ಲಿ ಹಾಕಿದವರ ಯಂತ್ರಗಳು ಮೂಲೆ ಸೇರಿದ್ದನ್ನು ಕಂಡಿದ್ದೇನೆ.

ಎಷ್ಟು ಬಲ ಬೀಳುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬಿ ಕ್ಲಾಸಿನ ಒಂದಿಂಚು ಪೈಪ್ 300 ಮಿ.ಮೀ. ಅಂತರದ ಮೇಲೆ ಶಾಶ್ವತವಾಗಿ ಬಾಗಬೇಕಾದರೆ ನಡುವೆ ಸುಮಾರು 1.2 ಟನ್ ಒತ್ತಬೇಕು. ಅಂತರ 250ಕ್ಕೆ ಇಳಿದರೆ ಅದು ಒಂದೂವರೆ ಟನ್ ಹತ್ತಿರ ಹೋಗುತ್ತದೆ. ಅಂತರ ಹೆಚ್ಚಿಸಿದಷ್ಟೂ ಬಲ ಕಡಿಮೆ, ಆದರೆ ತುದಿಯಲ್ಲಿ ನೆಟ್ಟಗೆ ಉಳಿಯುವ ಭಾಗ ಜಾಸ್ತಿ. ಟನಲ್ ಕೆಲಸಕ್ಕೆ 300 ಹದವಾದ ಅಂತರ.

ಆ 1.2 ಟನ್ನೂ ನಡುವಿನ ಶಾಫ್ಟಿನ ಮೇಲೇ ಬೀಳುತ್ತದೆ. ಎರಡು ಬೇರಿಂಗುಗಳ ನಡುವೆ 110 ಮಿ.ಮೀ. ಇಟ್ಟುಕೊಂಡು ಲೆಕ್ಕ ಹಾಕಿದರೆ 30 ಮಿ.ಮೀ. ಶಾಫ್ಟ್ ನೆಮ್ಮದಿಯಾಗಿ ತಾಳುತ್ತದೆ. 25ರದು ಸಾಮಾನ್ಯ ಎಂ.ಎಸ್., ಅಂದರೆ ಮೆದು ಉಕ್ಕು ಆದರೆ ಬಾಗುವ ಅಂಚಿಗೆ ಬರುತ್ತದೆ. ಆದ್ದರಿಂದ 30 ಮಿ.ಮೀ. ಇ.ಎನ್. 8 ಬ್ರೈಟ್ ಬಾರ್, ಅಂದರೆ ಅದಕ್ಕಿಂತ ಗಟ್ಟಿ ಉಕ್ಕಿನ, ಮೈ ನುಣುಪಾದ ದುಂಡು ಸರಳು ತೆಗೆದುಕೊಳ್ಳಿ. ಬೇರಿಂಗುಗಳನ್ನು ರೋಲರಿಗೆ ಎಷ್ಟು ಹತ್ತಿರ ಇಡಲು ಸಾಧ್ಯವೋ ಅಷ್ಟು ಹತ್ತಿರ ಇಡಿ. ಈ ಒಂದು ವಿಷಯದಲ್ಲಿ ಸಡಿಲ ಬೇಡ.

ಬೇರಿಂಗ್ ಅಂಗಡಿಯಲ್ಲಿ 'ಯು.ಸಿ.ಪಿ. 206' ಎಂದರೆ 30 ಮಿ.ಮೀ. ಶಾಫ್ಟಿನ ಪೀಠಸಹಿತ ಬೇರಿಂಗ್ ಕೊಡುತ್ತಾರೆ. ಅದರ ಮೈ ಎರಕದ ಕಬ್ಬಿಣ. ಎರಕದ ಕಬ್ಬಿಣ ಒತ್ತಿದರೆ ತಾಳುತ್ತದೆ, ಎಳೆದರೆ ಒಡೆಯುತ್ತದೆ. ಹಾಗಾಗಿ ಬಲ ಯಾವಾಗಲೂ ಪೀಠದ ಕಡೆಗೇ ಒತ್ತುವಂತೆ ಕೂರಿಸಬೇಕು. ಹೊರಗಿನ ಎರಡು ರೋಲರುಗಳ ಬೇರಿಂಗ್ ಚಾನೆಲಿನ ಮೇಲೆ ಮಾಮೂಲಿನಂತೆ ಕೂರಲಿ. ನಡುವಿನ ರೋಲರಿನ ಬೇರಿಂಗ್ ಮಾತ್ರ ತಲೆಕೆಳಗಾಗಿ, ಅದರ ಪೀಠವು ತಿರುಪಿನಿಂದ ಇಳಿಯುವ 'ಒತ್ತುವ ಪ್ಲೇಟಿ'ಗೆ ಅಂಟಿಕೊಂಡಂತೆ ಇರಲಿ.

ಈಗ ರೋಲರ್. 100 ಮಿ.ಮೀ. ರೌಂಡ್ ಬಾರಿನಿಂದ 50 ಮಿ.ಮೀ. ಅಗಲದ ಮೂರು ಬಿಲ್ಲೆ ಕತ್ತರಿಸಿ ಕೊಡಲು ಹೇಳಿ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ, ಕಂಬಿ ಕಟ್ಟುವ ಮೇಸ್ತ್ರಿಗಳಿಗೆಲ್ಲ ಗೊತ್ತಿರುವ ಸೂತ್ರ. 100ಕ್ಕೆ ಅದು 61.7, ಅಂದರೆ ಒಂದು ಬಿಲ್ಲೆ ಸುಮಾರು 3.1 ಕೆ.ಜಿ., ಮೂರಕ್ಕೆ ಒಂಬತ್ತೂಕಾಲು ಕೆ.ಜಿ. ಶಾಫ್ಟಿಗೆ ಬೇಕಾದ ಬಾರ್ 620 ಮಿ.ಮೀ., ಮೂರೂವರೆ ಕೆ.ಜಿ. ಒಳಗೆ. ಅಂದಿನ ಕೆ.ಜಿ. ದರದಿಂದ ಗುಣಿಸಿ, ಮೇಲೆ ಲೇತ್ (ಕಬ್ಬಿಣ ಕಡೆಯುವ ಯಂತ್ರ) ಕೂಲಿ ಸೇರಿಸಿದರೆ ನಿಮ್ಮ ದೊಡ್ಡ ಖರ್ಚು ಗೊತ್ತಾಯಿತು. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ, ಶಿವಮೊಗ್ಗದ ಮಾಚೇನಹಳ್ಳಿ, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಿ ಉಳಿಕೆ ತುಂಡುಗಳನ್ನು ಹುಡುಕಿದರೆ ಇನ್ನೂ ಅಗ್ಗವಾಗುತ್ತದೆ. ಬಿಲ್ಲೆಗೆ ಹೊಸ ಬಾರೇ ಆಗಬೇಕೆಂದಿಲ್ಲ.

ಗ್ರೂವಿನ ಬಗ್ಗೆ ನಮ್ಮೂರ ಲೇತಿನವರು ಹೇಳಿದ ಮಾತನ್ನು ಹಾಗೇ ಹೇಳುತ್ತೇನೆ: "ಅಣ್ಣಾ, ಸೈಜು ಬಾಯಲ್ಲಿ ಹೇಳ್ಬೇಡಿ, ಪೈಪಿನ ತುಂಡು ತಂದು ಕೈಗೆ ಕೊಡಿ." ಗ್ರೂವಿನ ದುಂಡು ಪೈಪಿಗಿಂತ ಅರ್ಧ ಮಿ.ಮೀ. ದೊಡ್ಡದಿರಲಿ. ಆಳ ಪೈಪಿನ ಅರ್ಧಕ್ಕಿಂತ ಕಡಿಮೆ ಇರಬೇಕು. 33.7ರ ಪೈಪಿಗೆ 14 ಮಿ.ಮೀ. ಆಳ ಕೊಡಿ. ಪೂರ್ತಿ ಅರ್ಧ ಕೊಟ್ಟರೆ ಪೈಪ್ ಬಾಯೊಳಗೆ ಕಚ್ಚಿಕೊಂಡು ಬಿಡುವುದಿಲ್ಲ. ಬಾಯಿಯ ಚೂಪು ಅಂಚನ್ನು ದುಂಡಗೆ ಉಜ್ಜಿಸಿ. ಮೂರೂ ರೋಲರುಗಳ ಗ್ರೂವ್ ಒಂದೇ ಸೆಟ್ಟಿಂಗಿನಲ್ಲಿ, ಬಿಲ್ಲೆಯ ಒಂದು ಮುಖದಿಂದ ಒಂದೇ ದೂರದಲ್ಲಿ ಬರಲಿ ಎಂದು ಒತ್ತಿ ಹೇಳಿ. ನಡುವಿನ ರೋಲರಿಗೆ 8 ಮಿ.ಮೀ. ಅಗಲದ ಕೀವೇ (ರೋಲರ್ ಶಾಫ್ಟಿನ ಮೇಲೆ ಜಾರದಂತೆ ಕೀಲು ಕೂರಿಸುವ ಸೀಳು) ಬೇಕೇ ಬೇಕು, ಯಾಕೆಂದರೆ ಹಿಡಿಕೆ ಅದಕ್ಕೇ ಹಾಕುವುದು.

ಹಿಡಿಕೆಯನ್ನು ನಡುವಿನ ರೋಲರಿಗೆ ಹಾಕುವುದೇಕೆ? ಪೈಪಿನ ಮೇಲೆ ಪೂರ್ತಿ ಒತ್ತಡ ಇರುವುದು ಅಲ್ಲೇ, ಆದ್ದರಿಂದ ಹಿಡಿತವೂ ಅಲ್ಲೇ ಹೆಚ್ಚು. ಹೊರಗಿನ ಒಂದೇ ರೋಲರಿಗೆ ಹಿಡಿಕೆ ಹಾಕಿದರೆ ಪೈಪ್ ಜಾರುತ್ತದೆ, ಎರಡಕ್ಕೂ ಹಾಕಲು ಚೈನು, ಸ್ಪ್ರಾಕೆಟ್ ಬೇಕು. ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಅಷ್ಟು ಹೊರೆ ಅನಗತ್ಯ. ಹಿಡಿಕೆಯ ತೋಳು 350 ಮಿ.ಮೀ. ಇದ್ದರೆ ಟನಲ್ ಕಮಾನಿಗೆ ಒಬ್ಬರ ಕೈ ಸಾಕು.

ಫ್ರೇಮ್

ನಾಲ್ಕಿಂಚಿನ ಚಾನೆಲ್, ಅಂದರೆ 100×50ರದು, 800 ಮಿ.ಮೀ. ಉದ್ದದ ಎರಡು ತುಂಡು. ಎರಡನ್ನೂ ಬೆನ್ನು ಮೇಲೆ ಮಾಡಿ, ನಡುವೆ 60 ಮಿ.ಮೀ. ಜಾಗ ಬಿಟ್ಟು ಅಕ್ಕಪಕ್ಕ ಮಲಗಿಸಿ, ಎರಡು ತುದಿಯಲ್ಲೂ ಅಡ್ಡ ಪ್ಲೇಟ್ ಹಾಕಿ ಜೋಡಿಸಿ. ಆ ಜಾಗ ಯಾಕೆಂದರೆ 206 ಬೇರಿಂಗಿನ ಶಾಫ್ಟ್ ಪೀಠದಿಂದ 43 ಮಿ.ಮೀ. ಎತ್ತರದಲ್ಲಿರುತ್ತದೆ, ನಮ್ಮ ರೋಲರಿನ ಅರ್ಧ ವ್ಯಾಸ 50. ಕೆಳಗೆ ಪ್ಲೇಟ್ ಇದ್ದರೆ ರೋಲರ್ ಉಜ್ಜುತ್ತದೆ. ಜಾಗ ಬಿಟ್ಟರೆ ಅದು ಚಾನೆಲುಗಳ ನಡುವೆ ಇಳಿದು ಸಲೀಸಾಗಿ ತಿರುಗುತ್ತದೆ. ಚಾನೆಲಿನ ಬೆನ್ನು ತೆಳು, ಬೇರಿಂಗಿನ ಅಡಿಗೆ 10 ಮಿ.ಮೀ. ಪಟ್ಟಿ ಕೊಡಿ. ಬೋಲ್ಟಿನ ತೂತುಗಳನ್ನು ಉದ್ದುದ್ದ ಸೀಳು ಮಾಡಿ, ಮುಂದೆ ಅಂತರ ಬದಲಿಸಲು ಬರುತ್ತದೆ.

ಒತ್ತುವ ಪ್ಲೇಟಿಗೆ 16 ಮಿ.ಮೀ. ದಪ್ಪದ, 260×180 ಅಳತೆಯ ತುಂಡು. ಅದು ಮೇಲೆ ಕೆಳಗೆ ಸರಿಯಲು ನಾಲ್ಕು ಮೂಲೆಗೆ ನಾಲ್ಕು ಆಂಗಲ್ ಕಂಬ, 50×50×6ರದು, 400 ಮಿ.ಮೀ. ಉದ್ದ. ಕಂಬಗಳನ್ನು ಚಾನೆಲುಗಳ ಹೊರ ಅಂಚಿಗೆ ನಿಲ್ಲಿಸಬೇಕು, ಒಳಗೆ ತಂದರೆ ಹೊರ ರೋಲರಿನ ಬೇರಿಂಗಿಗೆ ತಾಗುತ್ತವೆ. ಪ್ಲೇಟ್ ಜಾರುವಷ್ಟು ಸಡಿಲ ಇರಲಿ, ಅಡ್ಡ ತಿರುಗುವಷ್ಟು ಬೇಡ. ಕಂಬಗಳ ತಲೆಗೆ ಇನ್ನೊಂದು ದಪ್ಪ ಪ್ಲೇಟ್, ಅದರ ನಡುವೆ ಎಂ24, ಅಂದರೆ 24 ಮಿ.ಮೀ. ತಿರುಪಿನ ನಟ್ ಎರಡು ಒಂದರ ಮೇಲೊಂದು ಇಟ್ಟು ವೆಲ್ಡ್. ಅದರೊಳಗಿಂದ ಎಂ24 ತಿರುಪು ಇಳಿದು ಒತ್ತುವ ಪ್ಲೇಟನ್ನು ತಳ್ಳುತ್ತದೆ.

ಬಾಟಲ್ ಜಾಕ್ ಯಾಕೆ ಬೇಡ ಎಂದು ಕೇಳುತ್ತಾರೆ. ಜಾಕ್ ಬಲವಾದದ್ದೇ, ಆದರೆ ತಲೆಕೆಳಗೆ ಕೆಲಸ ಮಾಡದು, ಮಲಗಿಸಿದರೆ ಎಲ್ಲ ಜಾಕೂ ಏಳದು, ಒತ್ತಿಟ್ಟ ಹಾಗೇ ನಿಧಾನವಾಗಿ ಇಳಿಯುವುದೂ ಉಂಟು. ಎಂ24 ತಿರುಪಿನ ಒಂದು ಸುತ್ತು ಎಂದರೆ ಸರಿಯಾಗಿ 3 ಮಿ.ಮೀ., ಕಾಲು ಸುತ್ತು ಎಂದರೆ ಮುಕ್ಕಾಲು ಮಿ.ಮೀ. ಎಣಿಸಬಹುದು, ಬರೆದಿಡಬಹುದು, ಹತ್ತನೇ ಕಮಾನಿಗೂ ಅದನ್ನೇ ಮಾಡಬಹುದು. 1.2 ಟನ್ ಒತ್ತಲು 300 ಮಿ.ಮೀ. ಉದ್ದದ ಸ್ಪ್ಯಾನರಿಗೆ ಸುಮಾರು 20 ಕೆ.ಜಿ. ಬಲ ಹಾಕಿದರಾಯಿತು. ತಿರುಪಿನ ತಲೆಗೆ ಕಾಯಂ ಹಿಡಿಕೆ ವೆಲ್ಡ್ ಮಾಡಬೇಡಿ, ರೋಲರಿನ ಹಿಡಿಕೆಗೆ ಅದು ತಗಲುತ್ತದೆ. 36ರ ಸ್ಪ್ಯಾನರ್ ಹಾಕಿ ತೆಗೆಯುವಂತಿರಲಿ. ಗ್ರೀಸ್ ಧಾರಾಳವಾಗಿ ಹಚ್ಚಿ.

ವೆಲ್ಡಿಂಗಿಗೆ ಮೊದಲು ಎಲ್ಲಕ್ಕೂ ಟ್ಯಾಕ್, ಅಂದರೆ ಹಿಡಿದು ನಿಲ್ಲುವಷ್ಟು ಚುಕ್ಕೆ ವೆಲ್ಡ್ ಮಾತ್ರ ಹಾಕಿ. ಮೂರು ರೋಲರುಗಳ ಗ್ರೂವಿನ ತಳದ ಮೇಲೆ ಒಂದು ದಾರ ಎಳೆದು ಹಿಡಿಯಿರಿ. ದಾರ ಮೂರೂ ಕಡೆ ಗ್ರೂವಿನ ನಡುಮಧ್ಯದಲ್ಲೇ ಹಾಯಬೇಕು. ಮೂಲೆಮಟ್ಟ ಇಟ್ಟು ಶಾಫ್ಟುಗಳು ಚಾನೆಲಿಗೆ ನೇರ ಅಡ್ಡಲಾಗಿವೆಯೇ ನೋಡಿ. ಅರ್ಧ ದಿನ ಹೋದರೂ ಚಿಂತೆಯಿಲ್ಲ. ಯಂತ್ರ ಒಳ್ಳೆಯದಾಗುವುದು, ಕೆಡುವುದು ಇಲ್ಲೇ. ಪೂರ್ತಿ ವೆಲ್ಡ್ ಮಾಡುವಾಗ ಒಂದೇ ಕಡೆ ಎಳೆಯದೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಇಲ್ಲದಿದ್ದರೆ ಕಾದ ಕಬ್ಬಿಣ ಎಳೆದು ಕಂಬ ವಾಲಿಸುತ್ತದೆ. ಆಮೇಲೆ ದಾರ ಇನ್ನೊಮ್ಮೆ.

ಕೊನೆಯದಾಗಿ, ಯಂತ್ರವನ್ನು ಮಗ್ಗುಲಿಗೆ ಮಲಗಿಸಿ ಸ್ಟ್ಯಾಂಡಿಗೆ ಬೋಲ್ಟ್ ಮಾಡಿ. ಶಾಫ್ಟುಗಳು ಆಕಾಶ ನೋಡುವಂತೆ ನಿಲ್ಲಬೇಕು, ಹಿಡಿಕೆ ಮೇಲೆ ಗಾಣದ ಹಾಗೆ ತಿರುಗಬೇಕು. ನಿಲ್ಲಿಸಿಟ್ಟರೆ ಆರು ಮೀಟರ್ ಪೈಪ್ ಬಾಗುತ್ತ ಮೇಲೇಳುತ್ತದೆ, ಮಾಡಿಗೆ ಬಡಿಯುತ್ತದೆ, ತನ್ನ ಭಾರಕ್ಕೆ ತಾನೇ ವಾಲಿ ನುಲಿಯುತ್ತದೆ. ಮಲಗಿಸಿದರೆ ಅಂಗಳದಲ್ಲಿ ನೆಲಕ್ಕೆ ಸಮನಾಗಿ ಸುತ್ತಿಕೊಳ್ಳುತ್ತದೆ. ಅದೇ ಎತ್ತರದ ನಾಲ್ಕು ಸ್ಟೂಲು ಅಥವಾ ಡ್ರಮ್ಮು ಸುತ್ತ ಇಟ್ಟರೆ ಪೈಪಿನ ಭಾರ ಅವೇ ಹೊರುತ್ತವೆ.

ಅಳತೆಗೋಲು

ಬಾಗನ್ನು ಅಳೆಯಲು ಒಂದು ಮೀಟರ್ ಉದ್ದದ ನೇರ ಪಟ್ಟಿ ಬೇಕು. ಅದನ್ನು ಕಮಾನಿನ ಒಳಮೈಗೆ ಎರಡೂ ತುದಿ ತಾಗುವಂತೆ ಹಿಡಿದು, ನಡುವೆ ಪಟ್ಟಿಗೂ ಪೈಪಿಗೂ ಎಷ್ಟು ಸಂದು ಇದೆ ಎಂದು ಸ್ಕೇಲಿನಿಂದ ನೋಡುವುದು. ಪಟ್ಟಿಯ ಉದ್ದದ ವರ್ಗವನ್ನು ಸಂದಿನ 8 ಪಟ್ಟಿನಿಂದ ಭಾಗಿಸಿ, ಅದಕ್ಕೆ ಸಂದಿನ ಅರ್ಧ ಕೂಡಿಸಿದರೆ ಒಳ ತ್ರಿಜ್ಯ ಬಂತು. ನಮ್ಮ ಕಮಾನಿನ ಒಳ ತ್ರಿಜ್ಯ ಸುಮಾರು 1,800. ಮೀಟರ್ ಪಟ್ಟಿಗೆ ಸಂದು 71 ಮಿ.ಮೀ. ಬರಬೇಕು.

ಎರಡಡಿ ಪಟ್ಟಿ ಸಾಲದೇ ಎಂದರೆ ಸಾಲದು. 600 ಮಿ.ಮೀ. ಪಟ್ಟಿಗೆ ಸಂದು 25 ಮಿ.ಮೀ. ಆಸುಪಾಸು. ಅಲ್ಲಿ ಒಂದು ಮಿ.ಮೀ. ತಪ್ಪಿ ಓದಿದರೆ ತ್ರಿಜ್ಯ 70-80 ಮಿ.ಮೀ. ವ್ಯತ್ಯಾಸವಾಗುತ್ತದೆ. ಮೀಟರ್ ಪಟ್ಟಿಯಲ್ಲಿ ಅದೇ ತಪ್ಪು 25 ಮಿ.ಮೀ.ಗೆ ನಿಲ್ಲುತ್ತದೆ.

ಪೈಪ್ ಓಡಿಸುವ ಕ್ರಮ

1. ಪೈಪಿನ ಉದ್ದಕ್ಕೂ ಹೊಲಿಗೆ, ಅಂದರೆ ಕಾರ್ಖಾನೆಯ ವೆಲ್ಡ್ ಗೆರೆ ಹುಡುಕಿ. ಅದು ಬಾಗಿನ ಒಳಗಾಗಲಿ ಹೊರಗಾಗಲಿ ಬರಬಾರದು, ಪಕ್ಕಕ್ಕೆ ಇರಬೇಕು. ಅಲ್ಲಿ ಎಳೆತವೂ ಕಡಿಮೆ, ಒತ್ತಡವೂ ಕಡಿಮೆ. ಮಲಗಿಸಿದ ಯಂತ್ರದಲ್ಲಿ ಹೊಲಿಗೆ ಮೇಲ್ಮುಖವಾಗಿ ಕಾಣುವಂತಿಟ್ಟರೆ ಸರಿ. ಅದರ ಮೇಲೆ ಸೀಮೆಸುಣ್ಣದ ಗೆರೆ ಎಳೆಯಿರಿ. ಪೈಪ್ ನುಲಿಯತೊಡಗಿದರೆ ಆ ಗೆರೆ ಪಕ್ಕಕ್ಕೆ ಜಾರುತ್ತದೆ, ತಕ್ಷಣ ಕಾಣುತ್ತದೆ.

2. ಎರಡು ತುದಿಯಿಂದಲೂ 150 ಮಿ.ಮೀ.ಗೆ ಗುರುತು ಹಾಕಿ. ಆ ಗುರುತು ನಡುವಿನ ರೋಲರಿನ ಹತ್ತಿರ ಬಂದ ಕೂಡಲೇ ನಿಲ್ಲಿಸಬೇಕು. ದಾಟಿದರೆ ಪೈಪ್ ಹೊರ ರೋಲರಿನಿಂದ ಕಳಚಿ ಚಿಮ್ಮುತ್ತದೆ.

3. ರೋಲರುಗಳು ಪೈಪಿಗೆ ತಾಗುವಷ್ಟು ಮಾತ್ರ ತಿರುಪು ಇಳಿಸಿ, ಒಮ್ಮೆ ಈ ತುದಿಯಿಂದ ಆ ತುದಿಗೆ ಓಡಿಸಿ. ಆಮೇಲೆ ಕಾಲು ಸುತ್ತು ಬಿಗಿದು ಮತ್ತೆ ಓಡಿಸಿ. ಈ ಮೊದಲ ಕಾಲು ಸುತ್ತಿಗೆ ಪೈಪ್ ಬಹುತೇಕ ಬಾಗುವುದೇ ಇಲ್ಲ, ಸ್ಪ್ರಿಂಗಿನಂತೆ ಮತ್ತೆ ನೆಟ್ಟಗಾಗುತ್ತದೆ. ಗಾಬರಿ ಬೇಡ, ಬಲ ಸಾಲದೆಂದು ಒಮ್ಮೆಗೇ ಬಿಗಿಯಲೂ ಬೇಡ.

4. ಮುಂದೆ ಪ್ರತಿ ಓಟಕ್ಕೂ ಕಾಲು ಸುತ್ತು. 1,800ರ ಕಮಾನಿಗೆ 300 ಮಿ.ಮೀ. ಅಂತರದಲ್ಲಿ ಬೇಕಾದ ಬಾಗು ಲೆಕ್ಕಕ್ಕೆ ಬರೀ 6.25 ಮಿ.ಮೀ., ಅಂದರೆ ಎರಡು ಸುತ್ತಿಗಿಂತ ಸ್ವಲ್ಪ ಜಾಸ್ತಿ. ಪೈಪ್ ಹಿಂದಕ್ಕೆ ನೆಗೆಯುವುದರಿಂದ ಇನ್ನಷ್ಟು ಬೇಕಾಗುತ್ತದೆ. ಇಷ್ಟು ಸಣ್ಣ ಓಡಾಟದಲ್ಲಿ ಪೂರಾ ಕೆಲಸ ಮುಗಿಯುತ್ತದೆ ಎಂಬುದು ನನಗೆ ಮೊದಲ ದಿನ ತಿಳಿದಿರಲಿಲ್ಲ. ಆತುರಕ್ಕೆ ಒಂದು ಪೂರ್ತಿ ಸುತ್ತು ಒಟ್ಟಿಗೆ ಬಿಗಿದು ಮೊದಲ ಪೈಪನ್ನು ಬೇಕಾದ್ದಕ್ಕಿಂತ ತೀರಾ ಸಣ್ಣ ದುಂಡಿಗೆ ಇಳಿಸಿದೆ.

5. ಎರಡು ಓಟಕ್ಕೊಮ್ಮೆ ತಿರುಪು ಸಡಿಲಿಸಿ, ನಡುವೆ ಮತ್ತು ಎರಡೂ ಪಕ್ಕ ಮೀಟರ್ ಪಟ್ಟಿ ಹಿಡಿದು ನೋಡಿ. ಬಿಗಿದಿಟ್ಟಾಗ ಕಾಣುವ ಬಾಗು ನಿಜವಾದದ್ದಲ್ಲ. ಸಂದು 60 ದಾಟಿದ ಮೇಲೆ ತಿರುಪನ್ನು ಕಾಲಿನ ಬದಲು ಅರೆಕಾಲು ಸುತ್ತಿಗೆ ಇಳಿಸಿ.

6. ಹೆಚ್ಚು ಬಾಗಿಹೋದರೆ ಪೈಪನ್ನು ತಿರುಗಿಸಿ, ಬೆನ್ನು ನಡುವಿನ ರೋಲರಿಗೆ ಬರುವಂತಿಟ್ಟು ಹಗುರವಾಗಿ ಓಡಿಸಿದರೆ ಬಿಚ್ಚಿಕೊಳ್ಳುತ್ತದೆ. ಒಂದೆರಡು ಸಲಕ್ಕೆ ಅಡ್ಡಿಯಿಲ್ಲ.

ಮೊದಲ ಕಮಾನು ಸರಿಬಂದ ಮೇಲೆ ಅದನ್ನು ಅಂಗಳದಲ್ಲಿ ಮಲಗಿಸಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಉಳಿದ ಒಂಬತ್ತನ್ನೂ ಆ ಗೆರೆಯ ಮೇಲೆ ಇಟ್ಟು ನೋಡುವುದು. ಎಷ್ಟು ಸುತ್ತು, ಎಷ್ಟು ಓಟ ಎಂದು ಗೋಡೆಯ ಮೇಲೆ ಬರೆದಿಡಿ. ಎಲ್ಲ ಪೈಪನ್ನೂ ಒಂದೇ ಸಲ, ಒಂದೇ ಲಾಟಿನಲ್ಲಿ ತನ್ನಿ. ಬೇರೆ ಲಾಟಿನ ಪೈಪ್ ಬೇರೆ ರೀತಿ ನೆಗೆಯುತ್ತದೆ, ಬರೆದಿಟ್ಟ ಲೆಕ್ಕ ಅಲ್ಲಿಗೆ ತಾಳೆಯಾಗುವುದಿಲ್ಲ.

ಜಿ.ಐ. ಪೈಪ್ ಓಡಿಸುವಾಗ ಸತುವಿನ ಪುಡಿ ಗ್ರೂವಿನಲ್ಲಿ ಕೂರುತ್ತದೆ, ಪ್ರತಿ ಪೈಪಿಗೂ ಒಣಬಟ್ಟೆಯಿಂದ ಒರೆಸಿ. ಗ್ರೂವಿಗೆ ಎಣ್ಣೆ ಬೇಡ, ಹಿಡಿತ ಹೋಗುತ್ತದೆ. ಮಳೆಗಾಲಕ್ಕೆ ಯಂತ್ರ ಎತ್ತಿಡುವಾಗ ಮಾತ್ರ ಎಣ್ಣೆ ಸವರಿ, ಮುಂದಿನ ಸಲ ಒರೆಸಿ ಶುರುಮಾಡಿ. ಜಿ.ಐ. ಪೈಪಿಗೆ ವೆಲ್ಡಿಂಗ್ ಮಾಡಬೇಕಾದರೆ ಆ ಜಾಗದ ಸತುವನ್ನು ಉಜ್ಜಿ ತೆಗೆದು ಗಾಳಿಯಾಡುವಲ್ಲಿ ಮಾಡಿ, ಅದರ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹೆಗಲ ಮೇಲಿನ ಟವೆಲು, ಇಳಿಬಿಟ್ಟ ಪಂಚೆ, ಸಡಿಲ ಕೈಗವಸು ಯಾವುದೂ ರೋಲರಿನ ಹತ್ತಿರ ಬರಬಾರದು. ಕೈಯಲ್ಲಿ ತಿರುಗಿಸುವ ಯಂತ್ರವೇ ಆದರೂ ಪೈಪಿಗೂ ರೋಲರಿಗೂ ನಡುವೆ ಸಿಕ್ಕ ಬೆರಳಿಗೆ ಒಂದು ಟನ್ ಒಂದು ಟನ್ನೇ. ತಿರುಗಿಸುವವರು ಒಬ್ಬರು, ಪೈಪಿನ ಬಾಲ ಹಿಡಿಯುವವರು ಇನ್ನೊಬ್ಬರು, 'ನಿಲ್ಲಿಸು' ಎನ್ನುವ ಅಧಿಕಾರ ಬಾಲ ಹಿಡಿದವರಿಗೆ. ಅಂಗಳದಲ್ಲಿ ಮಕ್ಕಳು ಬೇಡ, ಬಾಗುವ ಪೈಪಿನ ತುದಿ ಕುಡುಗೋಲಿನಂತೆ ಬೀಸುತ್ತ ಬರುತ್ತದೆ.

ಗೇಟಿಗೆಂದು ಚೌಕ ಪೈಪ್ ಬಾಗಿಸುವವರಿಗೆ ಒಂದು ಮಾತು. ಅದಕ್ಕೆ ಚಪ್ಪಟೆ ತಳದ ಬೇರೆ ರೋಲರ್ ಬೇಕು. 18 ಗೇಜ್, ಅಂದರೆ 1.2 ಮಿ.ಮೀ. ಗೋಡೆಯ ಚೌಕ ಪೈಪಿನ ಒಳಮೈ ಬಾಗುವಾಗ ಒಳಕ್ಕೆ ಕುಸಿದು ದೋಣಿಯಂತಾಗುತ್ತದೆ. 14 ಗೇಜ್ ತೆಗೆದುಕೊಂಡು, ದೊಡ್ಡ ತ್ರಿಜ್ಯಕ್ಕೆ ಮಾತ್ರ ಪ್ರಯತ್ನಿಸಿ. ದುಂಡು ಪೈಪಿನಲ್ಲೂ ತ್ರಿಜ್ಯ ಹೊರ ವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆ ಬೇಕೆಂದರೆ ಒಣಮರಳು ಗಿಡಿದು ತುಂಬಿ, ಎರಡೂ ತುದಿಗೆ ಬೆಣೆ ಹೊಡೆದು ಓಡಿಸಬೇಕು. ಹಸಿ ಮರಳು ತುಂಬಿದ ಪೈಪಿಗೆ ಯಾವ ಕಾರಣಕ್ಕೂ ಬೆಂಕಿ ತೋರಿಸಬೇಡಿ, ಒಳಗಿನ ನೀರು ಆವಿಯಾಗಿ ಬೆಣೆ ಗುಂಡಿನಂತೆ ಹಾರುತ್ತದೆ.

ಹತ್ತೂ ಕಮಾನು ಸಿದ್ಧವಾದ ಮೇಲೆ ನೆಡಲು ಒಂದೂಕಾಲು ಇಂಚಿನ ಬಿ ಕ್ಲಾಸ್ ಪೈಪಿನ ಎರಡಡಿ ತುಂಡುಗಳನ್ನು ತನ್ನಿ. ಅದರ ಒಳ ವ್ಯಾಸ 36 ಮಿ.ಮೀ., ನಮ್ಮ 33.7ರ ಪೈಪ್ ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಒಂದೂವರೆ ಅಡಿ ಕಾಂಕ್ರೀಟಿನೊಳಗೆ, ಅರ್ಧ ಅಡಿ ನೆಲದ ಮೇಲೆ. ನೆಲಮಟ್ಟದಲ್ಲಿ ಅಡ್ಡ ಒಂದು ಬೋಲ್ಟ್ ತೂರಿಸಿಟ್ಟರೆ ಕಮಾನಿನ ಕಾಲು ಅದರ ಮೇಲೆ ಕೂರುತ್ತದೆ. ರೋಲರ್ ಬಾಗಿಸದೆ ಬಿಟ್ಟ ಆ 150 ಮಿ.ಮೀ. ನೆಟ್ಟಗಿನ ತುದಿ ಸರಿಯಾಗಿ ಆ ಅರ್ಧ ಅಡಿಯೊಳಗೆ ಮುಚ್ಚಿಹೋಗುತ್ತದೆ. ಹಾಳೆ ಹೊದೆಸುವ ಮೊದಲು ಪೈಪಿನ ಮೇಲೆ ಎಲ್ಲೂ ವೆಲ್ಡಿಂಗಿನ ಮುಳ್ಳು ಉಳಿದಿಲ್ಲವೆಂದು ಬರಿಗೈಯಲ್ಲಿ ಸವರಿ ನೋಡಿ.